ನಡುಕ ಸವರಿದ ಗೆರೆ

"ಈ ಬ್ರಷ್‌ಗೆ ಮೈಯೆಲ್ಲಾ ಸೋಮಾರಿತನ. ಒತ್ತಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಅವನು ಮೇಜಿನ ಮುಂದೆ ಬಂದು ನಿಂತಾಗ ಅವಳು ತಲೆ ಎತ್ತಲೂ ಇಲ್ಲ. ಹೊಸದಾಗಿ ಸೇರಿದ ಚಿತ್ರಗಾರರೆಲ್ಲ ಮೊದಮೊದಲು ಬ್ರಷ್ ಮೇಲೆಯೇ ಗೂಬೆ ಕೂರಿಸುತ್ತಾರೆ ಎಂಬುದು ಅವಳ ಅನುಭವ.

"ಬ್ರಷ್‌ಗಲ್ಲ, ಕೈಗೆ ಸೋಮಾರಿತನ ಇರಬೇಕು."

"ಹಾಗಾದ್ರೆ ಕೈ ನೋಡಿ ಹೇಳಿ," ಎಂದು ಅವನು ಅಂಗೈಯನ್ನೇ ಅವಳ ಕೀಬೋರ್ಡಿನ ಮೇಲೆ ಚಾಚಿದ. ಉದ್ದನೆಯ ಬೆರಳುಗಳು, ಕಿರುಬೆರಳಿನ ಪಕ್ಕದಲ್ಲಿ ಸವೆದು ಹೊಳೆಯುವ ಚರ್ಮ. ಅವಳು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಅವನ ಕಣ್ಣಂಚಿನಲ್ಲಿ ತುಂಟತನ ಕಂಡಿತು. ಅವಳ ಕಿವಿ ಬಿಸಿಯಾಯಿತು.

ಮಕ್ಕಳ ಚಿತ್ರಪುಸ್ತಕ ಮಾಡುವ ಆ ಸ್ಟುಡಿಯೋದಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಲು ಬೇಕಾದ ಬ್ರಷ್‌ಗಳನ್ನು ತಯಾರಿಸುವುದು ಅವಳ ಕೆಲಸ. ಎಲ್ಲರೂ ಅವಳನ್ನು ಕುಂಚಮ್ಮ ಎನ್ನುತ್ತಿದ್ದರು. ಸ್ಪಂಜು, ಹರಿದ ರಟ್ಟು, ಸುಟ್ಟ ಬೆಂಡು, ಏನು ಸಿಕ್ಕರೂ ಇಂಕಿನಲ್ಲಿ ಅದ್ದಿ ಹಾಳೆಗೆ ಒತ್ತುವಳು. ಆ ಗುರುತನ್ನು ಸ್ಕ್ಯಾನ್ ಮಾಡಿದರೆ ಬ್ರಷ್ಷಿನ ತುದಿ ಸಿದ್ಧ. ಆಮೇಲಿನದೇ ನಿಜವಾದ ಕಸುಬು: ಪೆನ್ ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪವಾಗಬೇಕು, ವಾಲಿಸಿದರೆ ಎಷ್ಟು ಹರಡಬೇಕು, ಬಣ್ಣ ಎಲ್ಲಿ ತೀರಿಹೋಗಬೇಕು. ಇದೆಲ್ಲ ಒಬ್ಬೊಬ್ಬರ ಕೈಗೂ ಬೇರೆ ಬೇರೆ.

ಅವನ ಕೈಗೆ ಹೊಂದಿಸುವುದಕ್ಕೆ ಅವಳು ಪುಟಗಟ್ಟಲೆ ಗೆರೆ ಎಳೆಸಿದಳು. ಸುಳಿ, ಅಲೆ, ಕೋಳಿಯ ಬೆನ್ನು, ನಿಧಾನದ ದೊಡ್ಡ ವೃತ್ತ. ಅವನು ಎಳೆಯುತ್ತಲೇ ಕೀಟಲೆ ಮಾಡುವನು.

"ನೀವು ಗೆರೆ ನೋಡ್ತಿದ್ದೀರೋ, ನನ್ನನ್ನೋ?"

"ಗೆರೆ. ನಿಮ್ಮ ಮುಖದಲ್ಲಿ ಅಂಥದ್ದೇನಿದೆ ನೋಡೋಕೆ?"

"ಹೋಗಲಿ ಬಿಡಿ, ಹತ್ತಿರ ಕೂತಿದ್ದೀರಲ್ಲ, ಅಷ್ಟು ಸಾಕು."

ಗೋಡೆಯ ಮೇಲೆ ಸುಣ್ಣದ ಕಡ್ಡಿ ಎಳೆದಂತೆ ಒರಟೊರಟಾಗಿ, ಒತ್ತಿದೊಡನೆ ಮೆತ್ತಗಾಗುವ ಒಂದು ಬ್ರಷ್ ಕೊನೆಗೂ ಹುಟ್ಟಿತು. ಅವನು ಅದರಿಂದ ಬಿಡಿಸಿದ ಕರಡಿಯನ್ನು ಕಂಡು ಸ್ಟುಡಿಯೋದ ಯಜಮಾನಿ, ಹೊಗಳಿಕೆ ಎಂದರೆ ಬಾಯಿಗೆ ಬೀಗ ಹಾಕಿಕೊಳ್ಳುವಾಕೆ, "ಇದು ಗೆರೆ!" ಎಂದುಬಿಟ್ಟಳು. ಅವನು ಎಲ್ಲರೆದುರೇ ಕುಂಚಮ್ಮನ ಕಡೆ ಕೈ ತೋರಿಸಿ, "ಅವಳಿಲ್ಲದೆ ನಾನು ಸೊನ್ನೆ" ಎಂದ. ‘ನೀವು’ ಎಂಬ ಬಹುವಚನ ಯಾವಾಗ ಬಿದ್ದುಹೋಯಿತೋ ಅವಳಿಗೆ ನೆನಪಿಲ್ಲ. ಆ ಸಂಜೆ ಅವಳು ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಹುಚ್ಚಿಯಂತೆ ನಗುತ್ತಾ ಹೋದಳು.

ಪ್ರತಿ ವಾರ ಅವನು ಗೆರೆಗಳ ಪುಟ ಕಳಿಸುತ್ತಿದ್ದ, ಅವಳು ಬ್ರಷ್ಷನ್ನು ತಿದ್ದಿ ಮತ್ತೆ ಕಳಿಸುತ್ತಿದ್ದಳು. ಒಂದು ಸಲ ಅವಳು ಪುಟವನ್ನು ದೊಡ್ಡದು ಮಾಡಿ ನೋಡಿದಳು. ಬೀಸಿ ಎಳೆದ ಗೆರೆಗಳೆಲ್ಲ ಚೊಕ್ಕವಾಗಿದ್ದವು. ನಿಧಾನದ ವೃತ್ತದ ಅಂಚಿನಲ್ಲಿ ಮಾತ್ರ ಸಣ್ಣ ಸಣ್ಣ ಅಲೆ. ಹಳೆಯ ಪುಟಗಳನ್ನು ತೆಗೆದು ನೋಡಿದಳು, ಅಲ್ಲಿ ಇರಲಿಲ್ಲ. ಮುಂದಿನ ಪುಟದಲ್ಲಿ ಇನ್ನಷ್ಟಿತ್ತು.

ಅವನ ಕೈ ನಡುಗುತ್ತಿತ್ತು. ಅವನಿಗೇ ಅದು ಗೊತ್ತಿರಲಿಲ್ಲ.

ಹೇಳಬೇಕೆಂದು ಎದ್ದಳು. ಅವನು ದೂರದಿಂದಲೇ, "ನಮ್ಮ ಕರಡಿಗೆ ಮರಿ ಹುಟ್ಟಿದೆ, ಬಾ ನೋಡು" ಎಂದು ಕೂಗಿದ. ನೋಡಿದಳು, ಹೊಗಳಿದಳು, ತನ್ನ ಜಾಗಕ್ಕೆ ಬಂದು ಕುಳಿತಳು. ಅವನು ಬಿಡಿಸುತ್ತಿದ್ದ ಕರಡಿಯ ಪುಸ್ತಕ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಬ್ರಷ್ಷಿನ ಸೆಟ್ಟಿಂಗ್ಸ್ ತೆರೆದು, ನಡುಕವನ್ನು ಸವರಿ ಗೆರೆಯನ್ನು ನುಣುಪಾಗಿಸುವ ಗುಂಡಿಯನ್ನು ಒಂಚೂರು ಮೇಲಕ್ಕೆ ಜರುಗಿಸಿದಳು. ಅವನು ಸೆಟ್ಟಿಂಗ್ಸ್ ಕಡೆ ತಲೆ ಹಾಕುವವನಲ್ಲ.

ಮುಂದಿನ ವಾರ ಇನ್ನೊಂಚೂರು. ಅದರ ಮುಂದಿನ ವಾರ ಮತ್ತೂ ಒಂಚೂರು.

ನುಣುಪು ಹೆಚ್ಚಿದಷ್ಟೂ ಗೆರೆ ಪೆನ್ನಿನ ಹಿಂದೆ ತಡವಾಗಿ ಬರುತ್ತದೆ. ಅದು ಅವನ ಗಮನಕ್ಕೂ ಬಂತು.

"ಗೆರೆ ಯಾಕೋ ಕಾಲೆಳೆದುಕೊಂಡು ಬರ್ತಿದೆ ಕಣೇ."

"ಫೈಲ್ ಭಾರ ಆಗಿದೆ. ಕಂಪ್ಯೂಟರ್ ಸುಸ್ತಾಗಿದೆ," ಎಂದಳು ಅವಳು. ಕಣ್ಣು ಮಿಟುಕಿಸದೆ ಹೇಳಿದಳು. ಅವನು ನಂಬಿದ. ಅವಳ ಮಾತನ್ನು ಅವನು ಯಾವಾಗಲೂ ನಂಬುತ್ತಿದ್ದ, ಅದೇ ಅವಳನ್ನು ಕುಕ್ಕುತ್ತಿತ್ತು. ಆ ದಿನವೇ ಅವನು ಮೆಟ್ಟಿಲಲ್ಲಿ ಅವಳ ದಾರಿ ಅಡ್ಡಗಟ್ಟಿ, "ಪುಸ್ತಕ ಬರಲಿ, ನಿನ್ನನ್ನೊಂದು ಮಾತು ಕೇಳೋದಿದೆ" ಎಂದ. ಏನು ಮಾತು ಎಂದು ಅವಳು ಕೇಳಲಿಲ್ಲ. ಗೊತ್ತಿದ್ದದ್ದನ್ನು ಕೇಳಿ ಸವಿ ಕೆಡಿಸಿಕೊಳ್ಳುವುದೇಕೆ?

ಪುಸ್ತಕ ಬಂತು. ಊರಿನ ಗ್ರಂಥಾಲಯದಲ್ಲಿ ಬಿಡುಗಡೆ. ಮಕ್ಕಳೆದುರು ಕರಡಿ ಬಿಡಿಸಿ ತೋರಿಸಿ ಎಂದು ಗ್ರಂಥಾಲಯದವರು ತಮ್ಮದೇ ಟ್ಯಾಬ್ಲೆಟ್ಟನ್ನು ಅವನ ಕೈಗಿತ್ತರು. ಅದರಲ್ಲಿದ್ದದ್ದು ಎಲ್ಲರಿಗೂ ಸಿಗುವ ಸಾದಾ ಪೆನ್ಸಿಲ್ ಬ್ರಷ್, ನಡುಕ ಸವರದ್ದು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವಳು ಅರ್ಧ ಎದ್ದು, ಮತ್ತೆ ಕುಳಿತಳು.

ಕರಡಿಯ ಹೊಟ್ಟೆಯ ದೊಡ್ಡ ವೃತ್ತ ಗೋಡೆಯ ತೆರೆಯ ಮೇಲೆ ಮೂಡಿತು, ಗರಗಸದ ಹಲ್ಲಿನಂತೆ. ಮಕ್ಕಳು ತಮಾಷೆಯೆಂದು ಗೊಳ್ಳೆಂದು ನಕ್ಕರು. ಅವನೂ ನಕ್ಕು, ಅಳಿಸಿ, ಮತ್ತೆ ಎಳೆದ. ಮತ್ತೂ ಹಾಗೆಯೇ ಬಂತು. ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ತಲೆ ಎತ್ತಿ ಅವಳನ್ನು ಹುಡುಕಿದ. ಅಷ್ಟು ಮುಖಗಳಲ್ಲಿ ಅಚ್ಚರಿಯಿಲ್ಲದ ಮುಖ ಅವಳದೊಂದೇ ಇತ್ತು.

ಡಾಕ್ಟರ ಹತ್ತಿರ ಅವನು ಒಬ್ಬನೇ ಹೋಗಿ ಬಂದ. ಮೂರ್ನಾಲ್ಕು ದಿನ ಸ್ಟುಡಿಯೋಗೆ ಬರಲಿಲ್ಲ. ಬಂದವನು ಮೊದಲ ಸಲ ಬ್ರಷ್ಷಿನ ಸೆಟ್ಟಿಂಗ್ಸ್ ತೆರೆದು ನೋಡಿದ, ಆಮೇಲೆ ಮೇಜಿನ ಸಾಮಾನನ್ನೆಲ್ಲ ಚೀಲಕ್ಕೆ ತುಂಬತೊಡಗಿದ. ಅವಳು ಬಂದು ಪಕ್ಕದಲ್ಲಿ ನಿಂತಳು.

"ಏನಂದ್ರು?"

"ಮೊಣಕೈ ಹತ್ತಿರ ನರ ಒತ್ತಿಹೋಗಿದೆಯಂತೆ. ಮೊದಲೇ ಬಂದಿದ್ರೆ ಕೈಗೆ ರಜೆ ಕೊಟ್ಟಿದ್ರೇ ಸಾಕಿತ್ತಂತೆ. ಈಗ ಆಪರೇಷನ್. ಮಾಡಿದ್ರೂ ಹಳೇ ಕೈ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲವಂತೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಎಂದು ಅವಳಿಗನಿಸಿತು.

"ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಕಣೋ. ಪುಸ್ತಕ ನಿಂತುಹೋಗುತ್ತೆ, ನೀನು ಕುಗ್ಗಿಹೋಗ್ತೀಯ ಅಂತ..."

"ಅಷ್ಟೇನಾ?"

ಅಷ್ಟೇ ಅಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದ್ದರೆ ಅವನು ರಜೆ ಹಾಕಿ ಮನೆಯಲ್ಲಿರುತ್ತಿದ್ದ. ಗೆರೆಯ ಪುಟಗಳು ಬರುತ್ತಿರಲಿಲ್ಲ, ಪಕ್ಕದಲ್ಲಿ ಕೂರುವುದಕ್ಕೆ ನೆಪವಿರುತ್ತಿರಲಿಲ್ಲ. ಅವಳಿಲ್ಲದೆ ಸೊನ್ನೆಯಾದವನು ಅವಳಿಗೆ ಬೇಕಾಗಿದ್ದ.

"ನೀನು ನನ್ನ ಬಿಟ್ಟು ಇರೋ ಹಾಗಾಗಬಾರದು ಅಂತಾನೂ," ಎಂದಳು. "ನಿನ್ನನ್ನ ಅಷ್ಟು ಇಷ್ಟಪಟ್ಟಿದ್ದೆ. ಈಗಲೂ..."

ಎಷ್ಟೋ ಸಲ ಕನ್ನಡಿಯೆದುರು ಹೇಳಿಕೊಂಡ ಮಾತು. ಹೇಳಬಾರದ ಹೊತ್ತಿನಲ್ಲಿ ಬಾಯಿಂದ ಬಿತ್ತು.

ಅವನು ಚೀಲದ ಜಿಪ್ ಎಳೆಯಲು ಹೋದ. ಬೆರಳುಗಳು ಕೇಳಲಿಲ್ಲ. ಎಡಗೈಯಿಂದ ಎಳೆದ. "ನಾನೂ ಅದನ್ನೇ ಕೇಳೋನಿದ್ದೆ," ಎಂದ. "ಮದುವೆ ಆಗ್ತೀಯಾ ಅಂತ. ಬಾಯಿಪಾಠ ಮಾಡಿಕೊಂಡಿದ್ದೆ, ಪೆದ್ದನ ಹಾಗೆ."

"ಕೇಳು."

"ಈಗ ನೀನು ಹೂಂ ಅಂದ್ರೂ, ಅದರಲ್ಲಿ ಏನು ಸವರಿ ಇಟ್ಟಿದ್ದೀಯೋ ಅಂತ ನೋಡಬೇಕಾಗುತ್ತೆ. ಜೀವಮಾನ ಪೂರ್ತಿ ಹಾಗೆ ನೋಡ್ಕೊಂಡಿರೋಕೆ ನನ್ನ ಕೈಲಾಗಲ್ಲ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಅವನು ಚೀಲವನ್ನು ಎಡ ಹೆಗಲಿಗೆ ಏರಿಸಲು ಹೋಗಿ ಮುಗ್ಗರಿಸಿದ. ಅವಳು ತಟ್ಟನೆ ಅದರ ಪಟ್ಟಿ ಹಿಡಿದಳು.

"ಕೊಡು, ಕೆಳಗಿನ ತನಕ ನಾನು ಹಿಡ್ಕೋತೀನಿ."

"ಬೇಡ," ಎಂದು ಅವನು ಅವಳ ಬೆರಳುಗಳನ್ನು ಒಂದೊಂದಾಗಿ, ಮೃದುವಾಗಿಯೇ ಬಿಡಿಸಿದ. "ನೀನು ಹಿಡ್ಕೊಂಡ್ರೆ ಎಲ್ಲಿ ನೋಯ್ತಿದೆ ಅಂತಾನೇ ನನಗೆ ಗೊತ್ತಾಗಲ್ಲ."

ಅವನ ಬೆರಳುಗಳು ನಡುಗುತ್ತಿದ್ದವು. ಅವಳು ಮೊದಲ ಸಲ ಆ ನಡುಕವನ್ನು ಮುಟ್ಟಿದ್ದು ಆಗಲೇ. ಅವನು ಮೆಟ್ಟಿಲಿಳಿದು ಹೋದ.