ಒಂದು ಸಾಲಿನ ಮುಂದೆ ನಿಂತ ಸಂಧಾನಿ

ಮಲ್ಪೆಯ ಮೀನುಗಾರರು ಬರೆದ ಅಲೆ ಮುನ್ಸೂಚನೆಯ ಕೋಡನ್ನು 'ಸಂಧಾನಿ' ಯಂತ್ರ ಹನ್ನೊಂದು ನಿಮಿಷದಲ್ಲಿ ಓದಿ ಮುಗಿಸಿತು. ಅದರ ನಾನೂರು ಮೇಕ್‌ಫೈಲುಗಳನ್ನು, ಅಂದರೆ ಯಾವ ತುಣುಕಿನ ನಂತರ ಯಾವುದನ್ನು ಜೋಡಿಸಿ ತಂತ್ರಾಂಶ ಕಟ್ಟಬೇಕೆಂದು ಕಂಪ್ಯೂಟರಿಗೆ ಹೇಳುವ ಕಡತಗಳನ್ನು, ಕರಾವಳಿ ಎಚ್ಚರಿಕೆ ಕೇಂದ್ರದ ಪದ್ಧತಿಗೆ ಒಗ್ಗಿಸಿತು. ಮೊದಲಾಗಿದ್ದರೆ ಆರು ತಿಂಗಳು ಹಿಡಿಯುತ್ತಿದ್ದ ಕೆಲಸ. ಒಂದೇ ಒಂದು ಸಾಲಿನ ಮುಂದೆ ಮಾತ್ರ ಯಂತ್ರ ನಿಂತುಬಿಟ್ಟಿತು.

ಅದು 2061ರ ಜುಲೈ. ಹೊರಗಿನ ಕೋಡನ್ನು ಪರಿಶೀಲಿಸಿ ಕೇಂದ್ರದೊಳಗೆ ಬಿಡುವ ಹೊಣೆ ಫ್ಲೇವಿಯಾ ಲೋಬೊ ಅವರದು. ನಿಯಮವೆಂದರೆ ಅವರಿಗೆ ಪ್ರಾಣ, ಹೊರಗಿನ ಕೋಡೆಂದರೆ ಮೂಗು ಮುರಿಯುತ್ತಿದ್ದರು. ಇನ್ನೆರಡು ದಿನಕ್ಕೆ ಮೀನುಗಾರಿಕೆಯ ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯಲಿದ್ದವು. ಅಷ್ಟರೊಳಗೆ ಈ ಕೋಡು ಸೇರಿದರೆ ಬಿರುಗಾಳಿಯ ಎಚ್ಚರಿಕೆ ನಲವತ್ತು ನಿಮಿಷ ಮೊದಲೇ ಸಿಗುತ್ತಿತ್ತು.

'ಒಂದು ಭಾಗ ಕೆಟ್ಟರೂ ಉಳಿದದ್ದನ್ನು ಕಟ್ಟು' ಎನ್ನುತ್ತಿತ್ತು ಆ ಸಾಲು. ಕೇಂದ್ರದ ನಿಯಮ ತದ್ವಿರುದ್ಧ: ಒಂದು ಕೆಟ್ಟರೆ ಎಲ್ಲವೂ ನಿಲ್ಲಬೇಕು.

"ಅಳಿಸಿಬಿಡಿ ಅದನ್ನು. ಬೇಜವಾಬ್ದಾರಿ ಕೆಲಸ" ಎಂದರು ಫ್ಲೇವಿಯಾ.

"ಕಾರಣ ಕೇಳದೆ ಸಂಧಾನಿ ಏನನ್ನೂ ಅಳಿಸುವುದಿಲ್ಲ ಮಾರಾಯ್ರೆ. ಅದಕ್ಕೇ ಅಲ್ವಾ ನಾನು ಒಂಬತ್ತು ವರ್ಷ ಒದ್ದಾಡಿದ್ದು" ಎಂದು ನಕ್ಕರು ಯಂತ್ರವನ್ನು ರೂಪಿಸಿದ ಡಾ. ವಾರಿಜಾ ಕೋಟ್ಯಾನ್.

ಯಂತ್ರ ಆ ಸಾಲು ಬರೆದ ದಾಮೋದರ ಸಾಲ್ಯಾನರಿಗೆ ಕರೆ ಮಾಡಿ ಕಾರಣ ಕೇಳಿತು. ಮೂವತ್ತು ವರ್ಷ ಬೋಟು ನಡೆಸಿದವರು ಅವರು.

"ನಾವು ಇದನ್ನು ಕಟ್ಟುವುದು ಬೋಟಿನಲ್ಲೇ. ಉಪ್ಪುಗಾಳಿಗೆ ಒಂದಲ್ಲ ಒಂದು ಸೆನ್ಸರ್ ಸತ್ತಿರ್ತದೆ. ಅದೊಂದಕ್ಕೆ ಎಲ್ಲ ನಿಂತರೆ ನಡುಗಡಲಲ್ಲಿ ನಾವು ಎಂಥ ಮಾಡುವುದು ಮೇಡಂ?"

ಅಷ್ಟರಲ್ಲಿ ಪರದೆಯ ಮೇಲೆ ಎರಡನೆಯ ಪ್ರಶ್ನೆ ಮೂಡಿತು: 'ಕೇಂದ್ರದ ನಿಯಮಕ್ಕೆ ಕಾರಣವೇನು? ಬರೆದವರು: ಎಫ್. ಲೋಬೊ, 2037.'

ತಾವೇ ಬರೆದದ್ದು, ತಾವೇ ಮರೆತದ್ದು. ಫ್ಲೇವಿಯಾಗೆ ನಾಚಿಕೆಯಾಯಿತು. ಚಹಾ ಆರುವವರೆಗೆ ಯೋಚಿಸಿದ ಮೇಲೆ ನೆನಪಾಗಿ, ಹೇಳಿದರು. ಆ ವರ್ಷ ಅರ್ಧ ಕಟ್ಟಿದ ತಂತ್ರಾಂಶವೊಂದು, ಇಲ್ಲದ ಭಾಗದ ಜಾಗದಲ್ಲಿ 'ಕಡಲು ಶಾಂತ' ಎಂದು ತೋರಿಸಿತ್ತು. ಅದನ್ನು ನಂಬಿ ಹೋದ ಏಳು ಬೋಟುಗಳಲ್ಲಿ ಎರಡು ಮರಳಲಿಲ್ಲ.

"ಅರ್ಧವೇ ಉಂಟು ಅಂತ ನಮಗೆ ಹೇಳಿದ್ದರೆ ಸಾಕಿತ್ತು" ಎಂದರು ಕರೆಯಲ್ಲೇ ಇದ್ದ ಸಾಲ್ಯಾನ್, ಮೆಲ್ಲಗೆ.

ಆ ಮಾತೇ ದಾರಿ ತೋರಿಸಿತು. ದಡದಲ್ಲಿ ಒಂದು ಕೆಟ್ಟರೆ ಎಲ್ಲ ನಿಲ್ಲಲಿ. ಬೋಟಿನಲ್ಲಿ ಉಳಿದದ್ದನ್ನು ಕಟ್ಟಲಿ, ಆದರೆ ಇಲ್ಲದ ಭಾಗದ ಹೆಸರು ಪರದೆಯ ನೆತ್ತಿಯಲ್ಲಿ ಕೆಂಪಗೆ ಕಾಣಲಿ. ಸಂಧಾನಿ ಎರಡೂ ಸಾಲುಗಳ ಪಕ್ಕದಲ್ಲಿ ಕಾರಣಗಳನ್ನು, ಹೇಳಿದವರ ಹೆಸರುಗಳನ್ನು ಬರೆದಿಟ್ಟಿತು. ಫ್ಲೇವಿಯಾ ಒಪ್ಪಿಗೆ ಒತ್ತಿದರು.

ಆಗಸ್ಟ್ ಮೂರರ ಮಧ್ಯಾಹ್ನ ಗಾಳಿ ಎದ್ದಿತು. ಎಚ್ಚರಿಕೆ ನಲವತ್ತು ನಿಮಿಷ ಮೊದಲೇ ಹೋಗಿತ್ತು. ಗಾಳಿಮಾಪಕ ಸತ್ತಿದ್ದ ಒಂದು ಬೋಟು 'ಗಾಳಿಯ ಲೆಕ್ಕ ಇಲ್ಲ' ಎಂಬ ಕೆಂಪಕ್ಷರ ನೋಡಿ, ಪಕ್ಕದ ಬೋಟಿನ ಬೆನ್ನು ಹಿಡಿದು ಬಂತು. ಬಂದರಿನಲ್ಲಿ ನಿಂತು ಫ್ಲೇವಿಯಾ ಒಂದೊಂದನ್ನೇ ಎಣಿಸಿದರು. ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡೂ ಬಂದವು. ಅವರು ಸಂತೋಷಕ್ಕೆ ಅತ್ತರು.

ಸಂಧಾನಿ ಈಗ ಕೇಂದ್ರದ ಹಳೆಯ ನಿಯಮಗಳಿಗೆಲ್ಲ ಕಾರಣ ಕೇಳುತ್ತಿದೆ. ಬಹುಪಾಲು 2020ರ ದಶಕದವು. ಉತ್ತರಿಸಲು ಯಾರೂ ಸಿಗುತ್ತಿಲ್ಲ. ಆದರೆ ಅವನ್ನು ಬರೆಯುವವರು, ನೀವು ಇದನ್ನು ಓದುತ್ತಿರುವ ಈ 2020ರ ದಶಕದಲ್ಲಿ, ಎಲ್ಲೋ ಕುಳಿತು ಗಡಿಬಿಡಿಯಲ್ಲಿ ಆ ಸಾಲುಗಳನ್ನು ಟೈಪಿಸುತ್ತಿದ್ದಾರೆ. ಪಕ್ಕದಲ್ಲಿ ಏಕೆಂದು ಬರೆಯಲು ಅವರಿಗೆ ಅರ್ಧ ನಿಮಿಷ ಸಾಕು.