ಎಡಕ್ಕೆ ಬಿದ್ದ ನೆರಳು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಪೊಲೀಸ್ ಇಲಾಖೆಯವನಲ್ಲ, ಅಚ್ಚಿನ ಕೆಲಸವೂ ತಿಳಿಯದು. ತನಿಖೆಯಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಹೇಳಿದ್ದನ್ನು, ಆಕೆಗೆ ಬೇಸರ ಬರುವಷ್ಟು ಮತ್ತೆ ಮತ್ತೆ ಕೇಳಿ ಬರೆದಿದ್ದೇನೆ. ಎಲ್ಲಿಯಾದರೂ ತಪ್ಪಿದ್ದರೆ ಅದು ನನ್ನದು, ಆಕೆಯದಲ್ಲ.

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬಸ್ ಕಂಡಕ್ಟರ್ ಒಬ್ಬಳು ಸಮವಸ್ತ್ರದಲ್ಲೇ ಠಾಣೆಗೆ ಬಂದಳು. ಅವಳ ತಂದೆ ಹಿಂದಿನ ದಿನ ಬಚ್ಚಲಲ್ಲಿ ಕುಸಿದು ಬಿದ್ದಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಅರೆ ಎಚ್ಚರದಲ್ಲಿ ಮಲಗಿದ್ದರು. ಅವಳು ಮೇಜಿನ ಮೇಲೆ ಎರಡು ವಸ್ತು ಇಟ್ಟಳು: ಕಂದು ಪುಡಿಯ ಒಂದು ಪೊಟ್ಟಣ, ಮೂರು ಮಡಿಕೆಯ ಮಿರುಗುವ ಒಂದು ಬ್ರೋಷರ್.

“ಆಸ್ಪತ್ರೆ ಕ್ಯೂನಲ್ಲಿ ಯಾವಳೋ ಕೊಟ್ಟಳಂತೆ ಸಾರ್. ನಂಗೆ ಹೇಳಿದ್ರೆ ಬೈತೀನಿ ಅಂತ ದಿಂಬಿನ ಕೆಳಗೆ ಬಚ್ಚಿಟ್ಕೊಂಡು ತಿಂದಿದಾರೆ.”

ಇನ್ಸ್‌ಪೆಕ್ಟರ್ ವೈದ್ಯರಿಗೆ ಫೋನ್ ಮಾಡಿದರು. ಮುದುಕರ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ, ಗ್ಲೂಕೋಸ್ ಏರಿಸಿದರೆ ಏರಿ ಮತ್ತೆ ಕುಸಿಯುತ್ತಿದೆ ಎಂದರು ವೈದ್ಯರು. ಪುಡಿಯಲ್ಲಿ ಏನು ಬೆರೆಸಿದ್ದಾರೆಂದು ತಿಳಿದರೆ ಅದಕ್ಕೆ ತಕ್ಕ ಮದ್ದು ಕೊಡಬಹುದು, ಊಹೆಯ ಮೇಲೆ ಕೊಡಲು ಆ ವಯಸ್ಸಿನ ಹೃದಯ ಬಿಡುವುದಿಲ್ಲ. ಪ್ರಯೋಗಾಲಯದ ವರದಿಗೆ ವಾರಗಟ್ಟಲೆ ಬೇಕು. ನಾಳೆಯೊಳಗೆ ಹೇಳಿ ಎಂದು ವೈದ್ಯರು ಫೋನ್ ಇಟ್ಟರು.

ಎಫ್‌ಐಆರ್ ದಾಖಲಾಯಿತು. ದಫೇದಾರರು ಆಸ್ಪತ್ರೆಯ ಕ್ಯೂಗೆ ಹೋಗಿ ವಿಚಾರಿಸಿಕೊಂಡು ಬಂದರು. ಹಸಿರು ಚೀಲದ ಹೆಂಗಸು, ಒಳ್ಳೆಯ ಮಾತಿನವಳು, ಗುರುವಾರ ಮಾತ್ರ ಬರುತ್ತಾಳೆ. ಹೆಸರು ಯಾರಿಗೂ ಗೊತ್ತಿಲ್ಲ. ಗುರುವಾರದವರೆಗೆ ಕಾಯುವಂತಿರಲಿಲ್ಲ. ಬ್ರೋಷರಿನಲ್ಲಿ ವಿಳಾಸವಿಲ್ಲ, ಫೋನ್ ನಂಬರ್ ಇಲ್ಲ, ಅಚ್ಚು ಮಾಡಿದವರ ಹೆಸರೂ ಇಲ್ಲ. ‘ಸಕ್ಕರೆಯಿಂದ ಮುಕ್ತಿ’ ಎಂಬ ತಲೆಬರಹ ಮಾತ್ರ ಕಾಗದದಿಂದ ಎದ್ದು ನಿಂತಂತಿತ್ತು. ಅಕ್ಷರಕ್ಕೆ ಇಟ್ಟಿಗೆಯಷ್ಟು ದಪ್ಪ, ದಪ್ಪದಾಚೆ ಮೆತ್ತನೆಯ ನೆರಳು. ಮಹಿಳಾ ಕಾನ್‌ಸ್ಟೇಬಲ್ ಅರಿವಿಲ್ಲದೆ ಅದರ ಮೇಲೆ ಬೆರಳಾಡಿಸಿ ನೋಡಿದಳು. ನುಣ್ಣಗಿತ್ತು.

ಇನ್ಸ್‌ಪೆಕ್ಟರ್ ಅದನ್ನೇ ಹಿಡಿದುಕೊಂಡು, ದಫೇದಾರರು ಮತ್ತು ಮಹಿಳಾ ಕಾನ್‌ಸ್ಟೇಬಲ್ ಇಬ್ಬರನ್ನೂ ಕರೆದುಕೊಂಡು ಪ್ರೆಸ್ಸುಗಳ ಬೀದಿಗೆ ಹೊರಟರು. ಹಿಂದಿನ ವಾರವಿಡೀ ಬಂದೋಬಸ್ತ್ ಕೆಲಸ ಮಾಡಿ ಅವರ ಕಣ್ಣು ಉರಿಯುತ್ತಿತ್ತು. ಎಲ್ಲ ಕಡೆಯೂ ನಮ್ಮದಲ್ಲ ಎಂದರು. ಒಂದು ಅಂಗಡಿಯಲ್ಲಿ ಮಾಲೀಕನ ಬೆವರು ನೋಡಿ ಇವನೇ ಇರಬೇಕೆಂದು ಗೋದಾಮನ್ನೆಲ್ಲ ತೆಗೆಸಿದರು. ಅವನು ಮುಚ್ಚಿಟ್ಟಿದ್ದು ಕಳ್ಳ ಪಠ್ಯಪುಸ್ತಕ. ಅದರಲ್ಲಿ ಎರಡು ತಾಸು ಹಾಳಾಯಿತು.

ಪಕ್ಕದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದಿದ್ದ ಹೆಂಗಸು ಬ್ರೋಷರನ್ನು ಓರೆ ಮಾಡಿ ನೋಡಿದಳು.

“ಇದು ಈ ಬೀದಿಯೋರ ಕೈಯಲ್ಲ ಸಾರ್. ನಾವೆಲ್ಲ ಒಂದು ಗುಂಡಿ ಒತ್ತಿ ಬಿಡ್ತೀವಿ, ನೆರಳು ತಾನಾಗೇ ಬಲಕ್ಕೆ ಬೀಳತ್ತೆ. ಇದು ಎಡಕ್ಕೆ ಬಿದ್ದಿದೆ.”

“ಅದರಲ್ಲೇನು?”

ಅವಳು ಪರದೆಯ ಮೇಲೆ ಅದೇ ಪದಗಳನ್ನು ಮೂಡಿಸಿ ತೋರಿಸಿದಳು. ನೆರಳನ್ನು ಬಲಕ್ಕೆ ಬಿಟ್ಟಾಗ ಅದು ‘ಕ್ಕ’ದ ಒತ್ತಿನ ಮೇಲೆ, ‘ಕ್ತಿ’ಯ ಒತ್ತಿನ ಮೇಲೆ ಕುಳಿತು ಕಪ್ಪು ಮುದ್ದೆಯಾಯಿತು. ಎಡಕ್ಕೆ ತಿರುಗಿಸಿದಾಗ ಒತ್ತು ಬಿಡಿಯಾಗಿ ಕಂಡಿತು. ಒಂದೊಂದು ಅಕ್ಷರದ ದಪ್ಪವನ್ನೂ ಹಾಗೆ ಕೈಯಿಂದ ತಿದ್ದಲು ಅರ್ಧ ದಿನ ಬೇಕಂತೆ.

“ಅಷ್ಟು ಕಷ್ಟ ಯಾರು ಪಡ್ತಾರೆ?”

“ಕಣ್ಣು ಮಂಜಾದೋರೂ ಓದ್ಬೇಕು ಅಂತ ಇರೋರು.”

ಯಾರೆಂದು ಅವಳಿಗೆ ತಿಳಿಯದು. ಅಲ್ಲಿಂದ ಮುಂದೆ ಮೂವರೂ ಗೋಡೆ, ಫಲಕ, ಬಸ್ಸಿನ ಬೆನ್ನು, ಎಲ್ಲ ಕಡೆ ನೆರಳನ್ನೇ ನೋಡುತ್ತ ನಡೆದರು. ಎಲ್ಲವೂ ಬಲಕ್ಕೇ ಬಿದ್ದಿದ್ದವು.

“ಇನ್ನು ಸ್ವಲ್ಪ ಹೊತ್ತು ಹೀಗೇ ಸುತ್ತಿದ್ರೆ ನನ್ನ ನೆರಳನ್ನೂ ಅರೆಸ್ಟ್ ಮಾಡ್ತೀರಿ ಸಾರ್,” ಎಂದರು ದಫೇದಾರರು.

ಸಿಕ್ಕಿದ್ದು ಮಹಿಳಾ ಕಾನ್‌ಸ್ಟೇಬಲ್‌ಗೆ. ಮುದುಕರ ಸ್ಥಿತಿ ಕೇಳಲು ಆಸ್ಪತ್ರೆಗೆ ಹೋದವಳು, ಎದುರಿನ ಕನ್ನಡಕದ ಅಂಗಡಿಯ ಗಾಜಿಗೆ ಅಂಟಿಸಿದ್ದ ಆ ಅಂಗಡಿಯದೇ ಬ್ರೋಷರ್ ನೋಡಿ ನಿಂತಳು. ಅದೇ ದಪ್ಪ, ಅದೇ ಎಡದ ನೆರಳು. ಅಂಗಡಿಯವನು ಅನುಮಾನವಿಲ್ಲದೆ ಹೇಳಿದ: ಅದು ನೆರಳು ಮೇಷ್ಟ್ರ ಕೆಲಸ. ಸಂಜೆ ತರಗತಿಯಲ್ಲಿ ಅಕ್ಷರ ವಿನ್ಯಾಸ ಕಲಿಸುತ್ತಿದ್ದರು, ಮಕ್ಕಳು ಬರುವುದು ನಿಂತು ಬಾಗಿಲು ಹಾಕಿದರು. ಈಗ ಮನೆಯಲ್ಲೇ ಮಾಡಿಕೊಡುತ್ತಾರೆ. ಮನೆ ಇಲ್ಲೇ, ಹಿಂದಿನ ಬೀದಿಯಲ್ಲಿ.

ಸಂಜೆ ಐದರ ಹೊತ್ತಿಗೆ ಮೂವರೂ ಅಲ್ಲಿದ್ದರು. ಬಾಗಿಲು ತೆಗೆದ ಹೆಂಗಸು ಸಮವಸ್ತ್ರ ನೋಡಿ ಹೆದರಲಿಲ್ಲ.

“ಬನ್ನಿ, ಬನ್ನಿ. ಯಾರಿಗೆ ಸಕ್ಕರೆ, ನಿಮಗೋ ಇವರಿಗೋ?”

ನಿಜವಾಗಿಯೂ ಸಕ್ಕರೆ ಕಾಯಿಲೆಯಿದ್ದ ದಫೇದಾರರು ನೆಲ ನೋಡಿದರು. ಬಾಗಿಲ ಹಿಂದಿನ ಮೊಳೆಯಲ್ಲಿ ಹಸಿರು ಚೀಲ ನೇತಾಡುತ್ತಿತ್ತು.

ನಡುಮನೆಯಲ್ಲಿ ಒಂದು ಮೂಲೆಗೆ ಕಂಪ್ಯೂಟರ್, ಇನ್ನೊಂದು ಮೂಲೆಗೆ ಮಿಕ್ಸಿ ಮತ್ತು ಜರಡಿ. ಮೇಷ್ಟ್ರು ಸಣ್ಣ ಮೈಯವರು. ಎದ್ದು ನಿಂತರು, ಮತ್ತೆ ಕೂರುವುದನ್ನು ಮರೆತರು.

“ಮೇಷ್ಟ್ರೇ, ನಿಮ್ಮ ಪುಡಿ ತಿಂದೋರೊಬ್ರು ಅಲ್ಲಿ ಸಾಯೋ ಸ್ಥಿತೀಲಿದಾರೆ. ಅದ್ರಲ್ಲಿ ಏನಿದೆ?”

“ಮೆಂತ್ಯ, ಹಾಗಲ ಬೀಜ.”

“ಇನ್ನೇನು?”

“ಅಷ್ಟೇ.”

“ಅಷ್ಟಕ್ಕೇ ಮನುಷ್ಯ ಬೀಳಲ್ಲ. ಇನ್ನೇನು?”

ಒಂದೊಂದು ಉತ್ತರಕ್ಕೂ ಅವರ ಕಣ್ಣು ಹೆಂಡತಿಯ ಕಡೆ ಹೋಗಿ ಬರುತ್ತಿತ್ತು. ಇನ್ಸ್‌ಪೆಕ್ಟರಿಗೆ ತಿಳಿಯಿತು. ಅವರು ಸನ್ನೆ ಮಾಡಿದಾಗ ಮಹಿಳಾ ಕಾನ್‌ಸ್ಟೇಬಲ್ ಕುಡಿಯಲು ನೀರು ಬೇಕೆಂದು ಆಕೆಯ ಜೊತೆ ಅಡುಗೆಮನೆಗೆ ಹೋದಳು.

“ಮಾತ್ರೆ,” ಎಂದರು ಮೇಷ್ಟ್ರು, ತುಟಿಯಷ್ಟೇ ಅಲ್ಲಾಡಿಸಿ. “ಸಕ್ಕರೆ ಇಳಿಸೋ ಮಾತ್ರೆ. ಕುಟ್ಟಿ ಹಾಕ್ತಿದ್ದೆ.” ಮಾತ್ರೆಯ ಹೆಸರನ್ನೂ ಹೇಳಿದರು. ಇನ್ಸ್‌ಪೆಕ್ಟರ್ ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿದರು. ಮುದುಕರು ತಮ್ಮ ಎಂದಿನ ಮಾತ್ರೆಯ ಮೇಲೆ ಇದನ್ನೂ ತಿಂದಿದ್ದರು. ಆ ಕಡೆಯಿಂದ ವೈದ್ಯರು ಒಂದೇ ಮಾತು ಹೇಳಿದರು: ಸಾಕು.

“ಅವಳಿಗೆ ಗೊತ್ತಿಲ್ಲ ಸಾರ್. ದಯವಿಟ್ಟು ಹೇಳ್ಬೇಡಿ.”

ಇನ್ಸ್‌ಪೆಕ್ಟರ್ ಪಂಚರಾಗಿ ಕನ್ನಡಕದವನನ್ನೂ ಪಕ್ಕದ ಮನೆಯವರನ್ನೂ ಕರೆಸಿದರು. ಕಂಪ್ಯೂಟರಿನ ಹಿಂದಿನಿಂದ ಮಾತ್ರೆಯ ಹಾಳೆಗಳು, ಪುಟ್ಟ ಕುಟ್ಟಾಣಿ, ಹಂಚದೆ ಉಳಿದ ಬ್ರೋಷರುಗಳು ಜಪ್ತಿಯಾದವು. ಪಂಚನಾಮೆ ಬರೆದ ಮೇಲೆ ಓದಿ ಹೇಳಲೇಬೇಕು. ದಫೇದಾರರು ಮಾತ್ರೆಯ ಸಾಲಿಗೆ ಬಂದಾಗ ದನಿ ತಗ್ಗಿಸಿದರು.

ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದಳು.

“ಜೋರಾಗಿ ಓದಿ ಅಣ್ಣಾ. ನಂಗೂ ಕೇಳ್ಲಿ.”

ದಫೇದಾರರು ಇನ್ಸ್‌ಪೆಕ್ಟರ್ ಮುಖ ನೋಡಿದರು. ನಂತರ ಆ ಸಾಲನ್ನು ಮೊದಲಿನಿಂದ, ಎಲ್ಲರಿಗೂ ಕೇಳುವಂತೆ ಓದಿದರು. ಆಕೆ ಒಳಗೆ ಹೋಗಿ ಒಲೆ ಆರಿಸಿ ಬಂದು, ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಆರೂವರೆಗೆ ಬಂಧನವಾಯಿತು.

ಠಾಣೆಯಲ್ಲಿ ಮೇಷ್ಟ್ರು ಎಲ್ಲವನ್ನೂ ಹೇಳಿದರು. ತರಗತಿ ಮುಚ್ಚಿದ ವರ್ಷವೇ ಹೆಂಡತಿಯ ಕೆಲಸವೂ ಹೋಗಿತ್ತು. ಆಕೆ ಹಾಸಿಗೆ ಹಿಡಿದಳು, ತಲೆ ಬಾಚುವುದನ್ನೂ ಬಿಟ್ಟಳು. ಒಂದು ದಿನ ಹೊತ್ತು ಹೋಗದೆ ಬೀಜ ಬೀಸಿ ನೆರೆಯಾಕೆಗೆ ಕೊಟ್ಟಳು. ಸಕ್ಕರೆ ಇಳಿಯಿತೆಂದು ಆ ನೆರೆಯಾಕೆ ಓಡಿ ಬಂದಳು. ಆ ದಿನ ಹೆಂಡತಿ ಎದ್ದು ಕೂತಳು. ನೆರೆಯಾಕೆಯ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಮತ್ತೆ ಏರಿತ್ತು. ಆ ಸುದ್ದಿ ಮೊದಲು ತಲುಪಿದ್ದು ಮೇಷ್ಟ್ರಿಗೆ. “ಅದನ್ನ ಹೇಳಿದ್ರೆ ಮತ್ತೆ ಮಲಗಿಬಿಡ್ತಾಳೆ ಅನ್ನಿಸ್ತು. ಅವತ್ತಿಂದ ಮಾತ್ರೆ ಬೆರೆಸ್ದೆ,” ಎಂದರು. ಬ್ರೋಷರನ್ನು ಆಕೆಗಾಗಿಯೇ ಮಾಡಿದ್ದು. ಅಷ್ಟು ಚೆನ್ನಾಗಿ ಬೇರೆ ಯಾವುದನ್ನೂ ಮಾಡಿರಲಿಲ್ಲವಂತೆ.

ಬುಧವಾರ ಮುದುಕರು ಎದ್ದು ಕೂತು, ಮಗಳು ಬೈಯುವ ಮೊದಲೇ ಅವಳನ್ನು ಬೈದರು. ಪುಡಿ ಪಡೆದ ಇತರರನ್ನು ಹುಡುಕಲು ದಫೇದಾರರು ವಾರವಿಡೀ ಅಲೆದರು. ಎಲ್ಲರೂ ಸಿಕ್ಕರೆಂದು ಹೇಳುವ ಧೈರ್ಯ ಅವರಿಗಿಲ್ಲ.

ಮೇಷ್ಟ್ರ ಹೆಂಡತಿಯನ್ನು ಆರೋಪಿಯೆಂದಲ್ಲ, ಸಾಕ್ಷಿಯೆಂದು ತೋರಿಸಲಾಯಿತು. ಪುಡಿ ಬೀಸಿದ್ದು ತಾನು, ಹಂಚಿದ್ದು ತಾನು ಎಂದಷ್ಟೇ ಹೇಳಿಕೆ ಕೊಟ್ಟು ಸಹಿ ಮಾಡಿದಳು. ಮಾತ್ರೆಯ ವಿಷಯ ಮೊದಲೇ ತಿಳಿದಿತ್ತೇ ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಸುಸ್ತಾಗಿತ್ತೋ, ಬೇಕೆಂದೇ ಬಿಟ್ಟರೋ ಎಂದು ಮಹಿಳಾ ಕಾನ್‌ಸ್ಟೇಬಲನ್ನು ಕೇಳಿದೆ. ಆಕೆಗೂ ಗೊತ್ತಿಲ್ಲ. ಆ ಹೆಂಗಸಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನನಗೂ ಗೊತ್ತಿಲ್ಲ.