ಅರಿವುಪಟ್ಟಿಯ ಹಸಿರು ದೀಪ

ಸವಿತಕ್ಕನ ಹಣೆಗೆ ಕಟ್ಟಿದ್ದ ಅರಿವುಪಟ್ಟಿಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಗದಗಿನ ಟೋಕನ್ ಕೇಂದ್ರದಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಪಟ್ಟಿಯನ್ನು ಕಂಡುಹಿಡಿದ ಡಾ. ಸಿಂಚನಾ ಬೆಟಗೇರಿಯೂ ತಟ್ಟಿದಳು. ನಷ್ಟದ ಸಾಧ್ಯತೆಗಳನ್ನೆಲ್ಲ ಪಟ್ಟಿಮಾಡಿದ, ವಕೀಲರಿಗೇ ತಲೆನೋವು ತರುವ ಟೋಕನ್ ಪ್ರಕಟಣೆಯನ್ನು ಖಾನಾವಳಿ ನಡೆಸುವ ಹೆಂಗಸು ಕೇಳಿ ಅರಗಿಸಿಕೊಂಡಳೆಂದರೆ ಸಣ್ಣ ಮಾತೇ?

ಅದು ೨೦೫೮. ಟೋಕನ್ ಎಂದರೆ ಇನ್ನೂ ಕಟ್ಟದ ಯೋಜನೆಯ ಹೆಸರಿನಲ್ಲಿ ಕಂಪನಿ ಮಾರುವ ಡಿಜಿಟಲ್ ಪಾಲು. ಕಣ್ಣುಮುಚ್ಚಿ ಕೊಂಡ ಎಷ್ಟೋ ಜನ ಮನೆಮಠ ಕಳೆದುಕೊಂಡ ಮೇಲೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ನಿಯಂತ್ರಣ ಮಂಡಳಿ ಕಾನೂನು ತಂದಿತು. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು, ನಷ್ಟದ ಸಾಧ್ಯತೆ ಇವರಿಗೆ ಅರ್ಥವಾಗಿದೆ ಎಂದು ಪಟ್ಟಿ ಹೇಳಿದರೆ ಮಾತ್ರ ಮಾರಾಟ. ಹೇಳಿದ ಮೇಲೆ ಹೊಣೆಯೆಲ್ಲ ಕೊಂಡವರದು.

ಕಡಲಲೆಯಿಂದ ಕರೆಂಟು ತೆಗೆಯುತ್ತೇವೆಂದಿದ್ದ ಕಂಪನಿ ಮರುವರ್ಷವೇ ಬಾಗಿಲು ಹಾಕಿತು. ಖಾನಾವಳಿಯನ್ನೇ ಒತ್ತೆಯಿಟ್ಟು ಟೋಕನ್ ಕೊಂಡಿದ್ದ ಸವಿತಕ್ಕ ಮಂಡಳಿಗೆ ದೂರು ಕೊಟ್ಟಳು. ಪಟ್ಟಿ ಸರಿಯಾಗಿತ್ತು ಎಂದು ಸಾಕ್ಷಿ ಹೇಳಲು ಸಿಂಚನಾಳಿಗೆ ಕರೆ ಬಂತು. ಅವಳು ಆ ಒಂದು ಮಾತು ಹೇಳಿದರೆ ಖಾನಾವಳಿ ಹೋದ ಹಾಗೆಯೇ.

ವಿಚಾರಣೆಗೆ ಮುಂಚೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

"ಅವತ್ತು ನಿಮಗ ತಿಳಿದಿರಲಿಲ್ಲೇನ್ರಿ ಸವಿತಕ್ಕ?" ಸಿಂಚನಾ ಕೇಳಿದಳು.

"ತಿಳಿದಿತ್ರಿ ಬಾಯಾರ. ರೊಕ್ಕ ಪೂರಾ ಮುಳುಗಬಹುದು ಅಂತ ಎದಿ ಝಲ್ ಅಂದಿತ್ತು. ಎದ್ದು ಹೋಗಬೇಕು ಅನ್ನೂದ್ರಾಗ ದೀಪ ಹತ್ತಿತು. ದೇವರು ಬಲಕ್ಕ ಹೂ ಕೊಟ್ಟಂಗಾತು. ಇನ್ನ ಯಾಕ ಅಂಜಬೇಕು ಅಂದೆ."

ಸಿಂಚನಾಳಿಗೆ ಹೊಳೆಯಿತು. ಅರ್ಥವಾಗಿದೆ ಎಂದಷ್ಟೇ ಹೇಳುವ ದೀಪವನ್ನು ಈಕೆ 'ಕೊಳ್ಳು' ಎಂಬ ಅಪ್ಪಣೆಯೆಂದು ತಿಳಿದಿದ್ದಳು. ಈಕೆಯೊಬ್ಬಳೇ ಅಲ್ಲ. ದೀಪ ಹೊತ್ತಿದೊಡನೆ ಬಹುತೇಕ ಎಲ್ಲರ ಎಚ್ಚರಿಕೆಯ ಅಲೆ ಕುಸಿಯುವುದನ್ನು ಸಿಂಚನಾ ಪ್ರಯೋಗದ ದಿನಗಳಲ್ಲೇ ಕಂಡಿದ್ದಳು. ಮಂಡಳಿ ಕೇಳಿದ್ದು ದೀಪ ಹೊತ್ತುವವರೆಗಿನ ಲೆಕ್ಕ ತಾನೇ ಎಂದು ಅಲೆಗಳ ನಕ್ಷೆಯ ಉಳಿದ ಭಾಗವನ್ನು ತನ್ನ ಕೈಯಾರೆ ಅಳಿಸಿದ್ದಳು. ಈಗ ಸವಿತಕ್ಕನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

"ಪಟ್ಟಿ ಸರಿಯಾಗಿತ್ತೇ?" ಒಳಗೆ ಅಧ್ಯಕ್ಷರು ಕೇಳಿದರು.

"ಪಟ್ಟಿ ಸರಿಯಾಗಿತ್ತು. ತಪ್ಪು ಮಾಡಿದವಳು ನಾನು," ಎಂದು ಸಿಂಚನಾ ಎಲ್ಲವನ್ನೂ ಹೇಳಿದಳು.

ದೂರನ್ನು ಎತ್ತಿಹಿಡಿದರು. ಪಟ್ಟಿಯನ್ನು ದೇಶದಾದ್ಯಂತ ನಿಲ್ಲಿಸಿ, ಪ್ರಕಟಣೆ ಓದಿ ಸಹಿ ಹಾಕಿದರೆ ಮಾರಾಟ ಎಂಬ ಹಳೆಯ ಪದ್ಧತಿಗೆ ಮರಳಿದರು. ಆದರೆ ಕಂಪನಿಯ ತಿಜೋರಿಯಲ್ಲಿ ಬಿಡಿಗಾಸೂ ಇರಲಿಲ್ಲ. ಖಾನಾವಳಿ ಉಳಿಯಲಿಲ್ಲ.

ಬಯ್ಯುತ್ತಾಳೆಂದುಕೊಂಡರೆ ಸವಿತಕ್ಕ ಬಂದು ಕೈ ಹಿಡಿದಳು. ಆ ಕೈಯ ಬಿಸಿಯನ್ನು ಸಿಂಚನಾಳಿಗೆ ತಾಳಲಾಗಲಿಲ್ಲ.

"ನಿಮ್ಮಂಥ ಖರೇ ಮಂದಿ ಎಲ್ಲಿ ಸಿಗ್ತಾರ್ರಿ ಬಾಯಾರ? ನನ್ನ ಮಗಳು ಇನ್ನೊಂದು ಟೋಕನ್ ತಗೋತೀನಿ ಅಂತಾಳ. ನೀವು ಹೂಂ ಅಂದ್ರ ಸಾಕು. ನಾವೇನೂ ಓದಂಗಿಲ್ಲ."

ಸಿಂಚನಾಳಿಗೆ ತನ್ನ ಹರೆಯ ನೆನಪಾಯಿತು. ಆಗ ಫೋನಿನಲ್ಲಿ 'ಎಲ್ಲವನ್ನೂ ಓದಿ ಒಪ್ಪಿದ್ದೇನೆ' ಎಂಬ ಚೌಕವಿರುತ್ತಿತ್ತು. ಒಂದಕ್ಷರವೂ ಓದದೆ ಅದನ್ನು ಒತ್ತುತ್ತಿದ್ದಳು. ತಿಳಿದವರು ಯಾರೋ ಓದಿರುತ್ತಾರೆ ಎಂಬ ಧೈರ್ಯ. ಈಗ ಆ ತಿಳಿದವರ ಜಾಗದಲ್ಲಿ ತಾನೇ ನಿಂತಿದ್ದಳು. ಟೋಕನ್ ಪ್ರಕಟಣೆಯನ್ನು ಅವಳೂ ಓದಿರಲಿಲ್ಲ.